ತುಂಬಿದ ಶೆಲ್ಲಿಗೂ ವೋಲ್ಟು ಕಡಿಮೆ

ಶಿರಗುಪ್ಪಿಯ ಕಡೆ ರಾತ್ರಿ ಪಾಳಿಯ ಕರೆಂಟಿನಲ್ಲಿ ಕಬ್ಬಿಗೆ ನೀರು ಹಾಯಿಸಲು ಹೊರಟರೆ ಕೈಯಲ್ಲಿ ಬ್ಯಾಟರಿ ಬೇಕೇ ಬೇಕು. ಟಾರ್ಚಿಗೇ ಇಲ್ಲಿ ಬ್ಯಾಟರಿ ಎನ್ನುವುದು. ಅದರೊಳಗೆ ಹಾಕುವುದು ಶೆಲ್ಲು. ಮತ್ತೆ ಮತ್ತೆ ಶೆಲ್ಲು ಕೊಂಡು ಬೇಸತ್ತವರು ಮಿರಜಿನಿಂದ ಚಾರ್ಜ್ ಮಾಡುವ ಶೆಲ್ಲು ತಂದರೆನ್ನಿ. ರಾತ್ರಿಯಿಡೀ ಚಾರ್ಜಿಗಿಟ್ಟು ಮೀಟರ್ ಹಚ್ಚಿದರೆ 1.4 ವೋಲ್ಟು. ಮೈಮೇಲೆ ಅಚ್ಚಾಗಿರುವುದಂತೂ ಬರೀ 1.2. ಬಳಸಿ ಎಸೆಯುವ ಹೊಸ ಆಲ್ಕಲೈನ್ ಶೆಲ್ಲು 1.6ರ ಹತ್ತಿರ ತೋರಿಸುತ್ತದೆ. ಚಾರ್ಜರ್ ಮೋಸ ಮಾಡಿತೇ?

ಇಲ್ಲ. ವೋಲ್ಟನ್ನು ನಿರ್ಧರಿಸುವುದು ಒಳಗಿನ ವಸ್ತುಗಳ ಜೋಡಿ. ದಪ್ಪ ಟಾರ್ಚ್ ಶೆಲ್ಲೂ ಸಣ್ಣ ಪೆನ್ಸಿಲ್ ಶೆಲ್ಲೂ 1.5 ವೋಲ್ಟಿನವೇ, ಗಾತ್ರ ಹೆಚ್ಚಿದರೆ ಬಾಳಿಕೆ ಹೆಚ್ಚುತ್ತದೆ, ಅಷ್ಟೆ. ಎಸೆಯುವ ಶೆಲ್ಲಿನಲ್ಲಿರುವುದು ಸತು ಮತ್ತು ಮ್ಯಾಂಗನೀಸ್ ಡೈಆಕ್ಸೈಡ್, 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಕೂಡಿಸಿದ ಹಳೆಯ ಜೋಡಿ. ಚಾರ್ಜ್ ಮಾಡುವುದರಲ್ಲಿ ಒಂದು ಕಡೆ ನಿಕ್ಕಲ್ ಸಂಯುಕ್ತ, ಇನ್ನೊಂದು ಕಡೆ ಹೈಡ್ರೋಜನ್ ಹೀರಿಕೊಂಡ ಮಿಶ್ರಲೋಹ. ಈ ಜೋಡಿಯ ಸ್ವಭಾವವೇ ಸ್ವಲ್ಪ ತಗ್ಗು. ಮೊಬೈಲಿನ ಲಿಥಿಯಂ ಬ್ಯಾಟರಿಯದು ಇನ್ನೊಂದು ಲೆಕ್ಕ: ಅಲ್ಲಿ ತುಂಬಿದ್ದು ಎಂದರೆ 4.2ರ ಆಸುಪಾಸು.

ಹೀಗಾಗಿ ಮೀಟರಿನ ಅಂಕಿಯನ್ನು ಶೆಲ್ಲಿನ ಜಾತಿ ನೋಡಿಯೇ ಓದಬೇಕು. 1.3 ವೋಲ್ಟು ನಿಕ್ಕಲ್ ಶೆಲ್ಲಿನಲ್ಲಿ ಕಂಡರೆ ಅದರಲ್ಲಿ ಇನ್ನೂ ಸಾಕಷ್ಟು ಜೀವವಿದೆ. ಆಲ್ಕಲೈನಿನಲ್ಲಿ ಕಂಡರೆ ಬಹುಪಾಲು ಖರ್ಚಾಗಿದೆ. ಕೆಲವು ಯಂತ್ರಗಳ ಸೂಚಕಕ್ಕೂ ಈ ಭೇದ ತಿಳಿಯದು. ನಾಲ್ಕು ಶೆಲ್ಲಿಗೆ 6 ವೋಲ್ಟು ಬರಬೇಕೆಂದು ಕಾಯುವ ಅದಕ್ಕೆ 4.8 ಸಿಕ್ಕರೆ, ತುಂಬಿದ ಶೆಲ್ಲನ್ನೂ ಖಾಲಿ ಎನ್ನುತ್ತದೆ.

ಆದರೂ ಕೆಲಸ ನಡೆಯುತ್ತದಲ್ಲ, ಹೇಗೆ? ಎಸೆಯುವ ಶೆಲ್ಲಿನ 1.5 ಬಹಳ ಹೊತ್ತು ನಿಲ್ಲುವುದಿಲ್ಲ. ಉರಿಯುತ್ತಿದ್ದಂತೆ 1.2ಕ್ಕೆ, ಮುಂದೆ 0.9ಕ್ಕೆ ಜಾರುತ್ತಲೇ ಹೋಗುತ್ತದೆ. ಬಹಳಷ್ಟು ಉಪಕರಣಗಳು ಈ ಜಾರಿಕೆಗೆ ಒಗ್ಗಿಕೊಂಡೇ ತಯಾರಾದವು. ನಿಕ್ಕಲ್ ಶೆಲ್ಲು ಮಾತ್ರ 1.2ರ ಬಳಿ ಪಟ್ಟಾಗಿ ನಿಂತುಬಿಡುತ್ತದೆ. ಬಾಗಿಲ ಗಂಟೆ, ಗೋಡೆ ಗಡಿಯಾರಗಳಿಗೆ ಎಸೆಯುವ ಶೆಲ್ಲೇ ವಾಸಿ ಎಂದು ನನಗನಿಸುತ್ತದೆ. ಅವು ಕುಡಿಯುವ ಕರೆಂಟು ಚಿಟಿಕೆಯಷ್ಟು. (ಎಸೆಯುವ ಶೆಲ್ಲನ್ನು ಚಾರ್ಜಿಗೆ ಹಾಕುವ ಸಾಹಸ ಮಾತ್ರ ಬೇಡ. ಒಳಗೆ ಅನಿಲ ತುಂಬಿ ಸೋರುತ್ತದೆ, ಒಡೆಯಲೂಬಹುದು.)

ಕಬ್ಬಿನೊಳಗೆ ಹೋಗುವವರು ಇನ್ನೊಂದನ್ನು ಗಮನಿಸಬೇಕು. ಎಸೆಯುವ ಶೆಲ್ಲು ಬೆಳಕು ಮಂಕಾಗಿಸುತ್ತಾ ಮೊದಲೇ ಸುಳಿವು ಕೊಡುತ್ತದೆ. ನಿಕ್ಕಲ್ ಶೆಲ್ಲು ಕೊನೆಯವರೆಗೂ ಒಂದೇ ಸಮ ಬೆಳಗಿ, 1 ವೋಲ್ಟಿನ ಹತ್ತಿರ ಬಂದೊಡನೆ ಧಡಕ್ಕನೆ ಕುಸಿಯುತ್ತದೆ. ಆಗ ನೀವು ಬದುವಿನ ಮೇಲಿರುತ್ತೀರೋ ಕಾಲುವೆಯೊಳಗೋ, ಅದಕ್ಕೆ ಗೊತ್ತಿಲ್ಲ.