ನಿಮಗಿದು ಗೊತ್ತೇ? ಗಾಮಾ ಕಿರಣದ ಕುಲಗೋತ್ರ ಹೇಳುವ ಪುಟ್ಟ ಡಬ್ಬಿ

ಗೈಗರ್ ಕೌಂಟರ್‌ಗೆ ಗೊತ್ತಿರುವುದು ಎಣಿಕೆ ಮಾತ್ರ. ಕಿರಣ ಬಂದಾಗಲೆಲ್ಲ ‘ಟಕ್’ ಎನ್ನುತ್ತದೆ. ಗ್ರಾನೈಟ್ ಗೋಡೆಯಿಂದ ಬಂದರೂ ಅದೇ ಟಕ್, ಅಣುಸ್ಥಾವರದ ತ್ಯಾಜ್ಯದಿಂದ ಬಂದರೂ ಅದೇ ಟಕ್. ಬಂದವರು ಯಾರು ಎಂದು ತಿಳಿಯಬೇಕಾದರೆ ಬೇರೆಯೇ ಜೋಡಿ ಬೇಕು: ಕಿರಣ ತಗುಲಿದರೆ ಮಿಣುಕುವ ಒಂದು ಹರಳು, ಅಂದರೆ ಸಿಂಟಿಲೇಟರ್; ಅದರ ಬೆನ್ನಿಗೆ ಒಂದು ಮಲ್ಟಿಚಾನೆಲ್ ಅನಲೈಸರ್. ಪ್ರಯೋಗಾಲಯದವರ ಬಾಯಲ್ಲಿ ಇದು ಬರೀ ‘ಎಂಸಿಎ’. ಒಂದು ಕಾಲಕ್ಕೆ ಮೇಜು ತುಂಬುತ್ತಿದ್ದ ಈ ಯಂತ್ರ ಈಗ ಅಂಗೈಯಲ್ಲಿ ಕೂರುತ್ತದೆ.

ಹರಳಿನೊಳಗೆ ಆಗುವುದೇನು? ಸೀಸಿಯಂ-137ರ ಗಾಮಾ ಕಿರಣದ ಶಕ್ತಿ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಚುಟುಕಾಗಿ ಕೆಇವಿ. ಅದು ಸೋಡಿಯಂ ಅಯೋಡೈಡ್ ಹರಳಿನಲ್ಲಿ ತನ್ನ ಶಕ್ತಿಯನ್ನೆಲ್ಲ ಸುರಿದರೆ ಸುಮಾರು 25,000 ಬೆಳಕಿನ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿ, ಆ ಪಾಲಿನಲ್ಲೂ ಕಾಲು ಭಾಗ ತೆಗೆದುಕೊಂಡರೆ ಎಷ್ಟೋ ಅಷ್ಟು ಹೊತ್ತಿನಲ್ಲಿ ಹೊರಬರುತ್ತವೆ. ಕಿರಣದ ಶಕ್ತಿ ಹೆಚ್ಚಿದಷ್ಟೂ ಬೆಳಕು ಹೆಚ್ಚು. ಇಡೀ ವಿದ್ಯೆ ನಿಂತಿರುವುದು ಈ ಒಂದು ಗುಣದ ಮೇಲೆ.

ಆ ಮಂದ ಬೆಳಕನ್ನು ಫೋಟೊಮಲ್ಟಿಪ್ಲೈಯರ್ ಎಂಬ ಗಾಜಿನ ಕೊಳವೆ ವಿದ್ಯುತ್ತಾಗಿ ಬದಲಿಸಿ, ಹಂತಹಂತವಾಗಿ ಸುಮಾರು ಹತ್ತು ಲಕ್ಷ ಪಟ್ಟು ಹಿಗ್ಗಿಸುತ್ತದೆ. ಎಂಸಿಎ ಮಾಡುವುದಿಷ್ಟೆ: ಬಂದ ಪ್ರತಿ ವಿದ್ಯುತ್ ಪಲ್ಸ್‌ನ ಎತ್ತರ ಅಳೆದು, ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ಗುಡ್ಡೆ ಹಾಕಿದಂತೆ ತಕ್ಕ ಗುಡ್ಡೆಗೆ ಒಂದು ಸೇರಿಸುವುದು. ಗುಡ್ಡೆಗಳು ಮಾತ್ರ ಸಾಮಾನ್ಯವಾಗಿ 1024; ಒಂದೊಂದಕ್ಕೂ ಹೆಸರು ‘ಚಾನೆಲ್’. ಸೆಕೆಂಡಿಗೆ ಸಾವಿರಾರು ಪಲ್ಸ್ ಬಂದರೂ ಅದಕ್ಕೆ ಆಯಾಸವಿಲ್ಲ.

ಪರದೆಯ ಮೇಲೆ ಅದು ಮೂಡುವುದನ್ನು ನೋಡುವುದೇ ಚೆಂದ. ಸೀಸಿಯಂನ ಪುಟ್ಟ ಬಿಲ್ಲೆಯನ್ನು ಹರಳಿನ ಮುಂದಿಟ್ಟರೆ ಮೊದಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ, ಅರ್ಥವೇ ಆಗದು. ನಿಮಿಷ ಕಳೆಯುವಷ್ಟರಲ್ಲಿ ಬಲಗಡೆ 662ರಲ್ಲಿ ದುಂಡನೆಯ ಶಿಖರ ಏಳುತ್ತದೆ. ಅದರ ಎಡಕ್ಕೆ ಒಂದು ಕಣಿವೆ. ಆಮೇಲೆ 477ರಲ್ಲಿ ಶುರುವಾಗುವ ದಿಣ್ಣೆ. ಕಿರಣ ಹರಳಿನಲ್ಲಿ ಅರ್ಧಂಬರ್ಧ ಶಕ್ತಿ ಬಿಟ್ಟು ಪಾರಾಗಿ ಹೋದದ್ದರ ಗುರುತು ಅದು, ಹೆಸರು ಕಾಂಪ್ಟನ್ ಅಂಚು. ಇನ್ನೂ ಎಡಕ್ಕೆ 184ರ ಸುತ್ತಮುತ್ತ ಸಣ್ಣ ಉಬ್ಬು: ಮೇಜಿಗೋ ಗೋಡೆಗೋ ಬಡಿದು ಹಿಂದಕ್ಕೆ ಪುಟಿದು ಬಂದ ಕಿರಣಗಳವು. ತುದಿಯಲ್ಲಿ 32ರಲ್ಲಿ ಬೇರಿಯಂನ ಎಕ್ಸ್ ಕಿರಣ. ಬೇರಿಯಂ ಎಲ್ಲಿಂದ ಬಂತು ಎನ್ನುತ್ತೀರಾ? ಸೀಸಿಯಂ ಕ್ಷಯಿಸಿ ಆಗುವುದೇ ಬೇರಿಯಂ. ನಿಜ ಹೇಳಬೇಕೆಂದರೆ ಪ್ರಖ್ಯಾತವಾದ ಆ 662 ಕೂಡ ಬೇರಿಯಂನದೇ, ಹೆಸರು ಮಾತ್ರ ಸೀಸಿಯಂಗೆ.

ಚಾನೆಲ್ ಹೆಚ್ಚಿದ್ದಷ್ಟೂ ಒಳ್ಳೆಯದೇ? ಇಲ್ಲ. ಸೋಡಿಯಂ ಅಯೋಡೈಡ್‌ನಲ್ಲಿ 662ರ ಶಿಖರದ ಅಗಲ ಸುಮಾರು ಶೇಕಡಾ 7, ಅಂದರೆ ಹತ್ತಿರಹತ್ತಿರ 46 ಕೆಇವಿ. 3000 ಕೆಇವಿಯನ್ನು 1024 ಭಾಗ ಮಾಡಿದರೂ ಆ ಒಂದು ಶಿಖರಕ್ಕೆ ಹದಿನೈದು ಚಾನೆಲ್ ಸಿಕ್ಕೇ ಸಿಗುತ್ತವೆ. 8192 ಚಾನೆಲ್ ಬೇಕಾಗುವುದು ದ್ರವ ಸಾರಜನಕದಲ್ಲಿ ತಣ್ಣಗಾಗಿಸುವ ಜರ್ಮೇನಿಯಂ ಸಂವೇದಕಕ್ಕೆ. ಮಿಣುಕುಹರಳಿಗೆ ಅಷ್ಟು ಚಾನೆಲ್ ಕೊಡಿಸುವುದು ದುಡ್ಡು ದಂಡ.

ಮಿಣುಕುಗಳನ್ನು ಮೊದಲು ಎಣಿಸಿದ ಯಂತ್ರ ಮನುಷ್ಯನ ಕಣ್ಣು ಎಂದರೂ ತಪ್ಪಿಲ್ಲ. 1903ರಲ್ಲಿ ವಿಲಿಯಂ ಕ್ರೂಕ್ಸ್, ರೇಡಿಯಂ ಕಣದ ಹತ್ತಿರ ಜಿಂಕ್ ಸಲ್ಫೈಡ್ ಬಳಿದ ಪರದೆ ಇಟ್ಟು ಭೂತಗನ್ನಡಿಯಲ್ಲಿ ನೋಡಿದಾಗ ಅಲ್ಲಲ್ಲಿ ಮಿಂಚುಗಳು ಕಂಡವು. ಕೆಲವೇ ವರ್ಷಗಳಲ್ಲಿ ಮ್ಯಾಂಚೆಸ್ಟರ್‌ನ ರುದರ್‌ಫೋರ್ಡ್ ಪ್ರಯೋಗಾಲಯದಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಕತ್ತಲೆ ಕೋಣೆಯಲ್ಲಿ ಕೂತು, ಕಣ್ಣು ಕತ್ತಲಿಗೆ ಪಳಗುವವರೆಗೆ ಕಾದು, ಅಂಥ ಮಿಂಚುಗಳನ್ನು ಒಂದೊಂದಾಗಿ ಎಣಿಸಿದರು. ಪರಮಾಣುವಿಗೆ ಬೀಜ ಇದೆ ಎಂದು ಗೊತ್ತಾದದ್ದು ಹಾಗೆ. ಯಂತ್ರವೇ ಎಣಿಸುವಂತಾಗಬೇಕು ಎಂದು ಹಟ ಹಿಡಿದು ಕೌಂಟರ್ ಕಟ್ಟಿದವನು ಇದೇ ಗೈಗರ್. ಕಣ್ಣುನೋವಿನ ಪಾಲು ಅದರಲ್ಲಿ ಎಷ್ಟಿತ್ತೋ!

ಸೋಡಿಯಂ ಅಯೋಡೈಡ್‌ಗೆ ಚೂರು ಥ್ಯಾಲಿಯಂ ಬೆರೆಸಿದರೆ ಗಾಮಾ ಕಿರಣಕ್ಕೆ ಸೊಗಸಾಗಿ ಮಿಣುಕುತ್ತದೆ ಎಂದು 1948ರಲ್ಲಿ ತೋರಿಸಿದವರು ರಾಬರ್ಟ್ ಹಾಫ್‌ಸ್ಟಾಟರ್. ಅವರಿಗೆ 1961ರಲ್ಲಿ ನೊಬೆಲ್ ಬಂತು, ಆದರೆ ಬೇರೆ ಕೆಲಸಕ್ಕೆ. ಅವರ ಹರಳು ಮಾತ್ರ ಇಂದಿಗೂ ಎಲ್ಲೆಡೆ ಸಲ್ಲುವ ನಾಣ್ಯ.

ಪಲ್ಸ್‌ನ ಎತ್ತರವನ್ನು ಅಂಕಿ ಮಾಡುವ ಉಪಾಯ ಡೆನಿಸ್ ವಿಲ್ಕಿನ್ಸನ್ ಅವರದು, 1950ರ ಮಾತು. ಪಲ್ಸ್‌ನ ಎತ್ತರಕ್ಕೆ ತಕ್ಕಷ್ಟು ಕೆಪಾಸಿಟರ್ ತುಂಬಿಸುವುದು, ಒಂದೇ ವೇಗದಲ್ಲಿ ಖಾಲಿ ಮಾಡುವುದು, ಖಾಲಿಯಾಗುವಷ್ಟರಲ್ಲಿ ಗಡಿಯಾರ ಎಷ್ಟು ಸಲ ಬಡಿಯಿತೋ ಅದೇ ಚಾನೆಲ್ ಸಂಖ್ಯೆ.

ಹಾಗಾದರೆ ‘ಡಿಜಿಟಲ್’ ಎಂಸಿಎಯಲ್ಲಿ ಹೊಸತೇನು? ಹಳೆಯದರಲ್ಲಿ ಪಲ್ಸ್‌ಗೆ ಆಕಾರ ಕೊಡುವುದು, ಹಿಗ್ಗಿಸುವುದು ಎಲ್ಲ ರೆಸಿಸ್ಟರ್, ಕೆಪಾಸಿಟರ್‌ಗಳ ಕೆಲಸ. ಅಂಕಿ ಹುಟ್ಟುತ್ತಿದ್ದುದು ಕೊನೆಗೆ, ಪಲ್ಸ್‌ಗೆ ಒಂದೇ ಒಂದು. ಹೊಸದರಲ್ಲಿ ಪಲ್ಸ್ ಹುಟ್ಟುತ್ತಿದ್ದ ಹಾಗೆಯೇ ಅದನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು, ಅಂಕಿಗಳ ಸಾಲು ಮಾಡಿ ಚಿಪ್‌ಗೆ ಒಪ್ಪಿಸುತ್ತಾರೆ. 80 ಮೆಗಾಹರ್ಟ್ಸ್‌ನಲ್ಲಿ ಅಳೆದರೆ ಒಂದು ಮೈಕ್ರೊಸೆಕೆಂಡಿನ ಪಲ್ಸ್‌ನಿಂದ 80 ಅಂಕಿ. ಆಮೇಲಿನದೆಲ್ಲ ಲೆಕ್ಕ. ಆ ಪಲ್ಸನ್ನು ತಲೆ ಚಪ್ಪಟೆಯಾದ ಟ್ರೆಪಿಜಿಯಂ ಆಕಾರಕ್ಕೆ ತರುವ ಸರಳ ಸೂತ್ರವನ್ನು 1994ರಲ್ಲಿ ಪ್ರಕಟಿಸಿದವರು ವ್ಯಾಲೆಂಟಿನ್ ಜೋರ್ಡಾನೊವ್ ಮತ್ತು ಗ್ಲೆನ್ ನೋಲ್. ಬರೀ ಕೂಡುವುದು, ಕಳೆಯುವುದು, ಗುಣಿಸುವುದು ಇರುವುದರಿಂದ ಪುಟ್ಟ ಚಿಪ್‌ಗೂ ಅದು ಸಲೀಸು. ಡಬ್ಬಿ ಚಿಕ್ಕದಾದ ಗುಟ್ಟಿನ ದೊಡ್ಡ ಪಾಲು ಇಲ್ಲಿದೆ.

ಎಷ್ಟು ಚಿಕ್ಕದು? ಫೋಟೊಮಲ್ಟಿಪ್ಲೈಯರ್‌ನ ಹಿಂಬದಿಯ 14 ಪಿನ್‌ಗೆ ಸಿಕ್ಕಿಸುವ ಸಾಕೆಟ್‌ನೊಳಗೇ ಇಡೀ ಎಂಸಿಎ! ಆರ್ಟೆಕ್ ಕಂಪನಿಯ ಡಿಜಿಬೇಸ್ ಅಂಥದ್ದು. ಪಲ್ಸನ್ನು ಮೊದಲು ಹಿಗ್ಗಿಸುವ ಪ್ರಿಆಂಪ್ಲಿಫೈಯರ್, ನೂರಾರು ವೋಲ್ಟ್ ಹುಟ್ಟಿಸುವ ಹೈ ವೋಲ್ಟೇಜ್, 1024 ಚಾನೆಲ್ ಎಲ್ಲ ಅದರ ಹೊಟ್ಟೆಯಲ್ಲಿ. ಹೊರಗೆ ಕಾಣುವುದು ಒಂದು ಯುಎಸ್‌ಬಿ ವೈರು. ಮೊದಲು ಇದಕ್ಕೆಲ್ಲ ಬೇರೆ ಬೇರೆ ಮಾಡ್ಯೂಲ್ ಕೊಂಡು, ಕಬ್ಬಿಣದ ಗೂಡಿನಲ್ಲಿ ಸಾಲಾಗಿ ಜೋಡಿಸಿ, ಕೇಬಲ್ ಎಳೆಯಬೇಕಿತ್ತು.

ಈಗ ಗಾಜಿನ ಕೊಳವೆಯನ್ನೂ ಬಿಡುತ್ತಿದ್ದಾರೆ. ಸಿಲಿಕಾನ್ ಫೋಟೊಮಲ್ಟಿಪ್ಲೈಯರ್ ಉಗುರಿನಷ್ಟು ಚಿಪ್, ಕೆಲವು ಹತ್ತು ವೋಲ್ಟ್ ಸಾಕು, ಪಕ್ಕದಲ್ಲಿ ಭಾರೀ ಅಯಸ್ಕಾಂತ ಇದ್ದರೂ ಲೆಕ್ಕಿಸುವುದಿಲ್ಲ. ಆಸ್ಪತ್ರೆಯ ಪಿಇಟಿ ಸ್ಕ್ಯಾನ್ ಮತ್ತು ಭಾರೀ ಅಯಸ್ಕಾಂತದ ಎಂಆರ್‌ಐ ಯಂತ್ರಗಳನ್ನು ಒಂದೇ ಸುರಂಗದಲ್ಲಿ ಕೂಡಿಸಲು ಇದರಿಂದ ದಾರಿ ಸಲೀಸಾಯಿತು. ಅದರ ದೊಡ್ಡ ದೌರ್ಬಲ್ಯ: ಸೆಕೆ.

ಸೆಕೆಯ ಕಾಟ ಎಲ್ಲ ಮಿಣುಕು ಸಂವೇದಕಕ್ಕೂ ಉಂಟು. ಬೆಳಿಗ್ಗೆ 662ರಲ್ಲಿದ್ದ ಶಿಖರ ಮಧ್ಯಾಹ್ನ ಪಕ್ಕಕ್ಕೆ ಸರಿದಿರುತ್ತದೆ. ಒಳ್ಳೆಯ ಡಿಜಿಟಲ್ ಎಂಸಿಎ, ಎಲ್ಲೆಲ್ಲೂ ಇರುವ ಪೊಟ್ಯಾಸಿಯಂ-40ರ 1461 ಕೆಇವಿ ಶಿಖರವನ್ನು ಗೂಟವಾಗಿಟ್ಟುಕೊಂಡು, ಅದು ಸರಿದಷ್ಟು ತಾನೂ ಸರಿಪಡಿಸಿಕೊಳ್ಳುತ್ತದೆ.

ತೇವ ಇನ್ನೊಂದು ಶತ್ರು. ಸೋಡಿಯಂ ಅಯೋಡೈಡ್ ಉಪ್ಪಿನ ಜಾತಿ. ಗಾಳಿಯ ನೀರು ಹೀರಿ ಹಳದಿಗಟ್ಟುತ್ತದೆ. ಅದಕ್ಕೇ ಅಲ್ಯುಮಿನಿಯಂ ಕವಚದಲ್ಲಿ ಗಾಳಿಯಾಡದಂತೆ ಮುಚ್ಚಿರುತ್ತಾರೆ. ಎಸಿ ಕೋಣೆಯಿಂದ ಸೀದಾ ಬಿಸಿಲಿಗೆ ಒಯ್ದರೆ ಬಿರುಕು ಬಿಟ್ಟೀತು.

ಪೊಟ್ಯಾಸಿಯಂ ಬೇಕೆಂದರೆ ಪ್ರಯೋಗಾಲಯಕ್ಕೇ ಹೋಗಬೇಕಿಲ್ಲ, ಗೊಬ್ಬರದ ಅಂಗಡಿ ಸಾಕು. 50 ಕಿಲೋ ಪೊಟ್ಯಾಷ್ ಮೂಟೆಯಲ್ಲಿ ಅರ್ಧದಷ್ಟು ಪೊಟ್ಯಾಸಿಯಂ. ಗ್ರಾಂಗೆ 31 ಬೆಕೆರೆಲ್, ಅಂದರೆ ಸೆಕೆಂಡಿಗೆ 31 ಕ್ಷಯದ ಲೆಕ್ಕದಲ್ಲಿ ಆ ಮೂಟೆಯೊಳಗೆ ಪ್ರತಿ ಸೆಕೆಂಡಿಗೆ ಏಳೂವರೆ ಲಕ್ಷಕ್ಕೂ ಹೆಚ್ಚು ಪರಮಾಣುಗಳು ಕ್ಷಯಿಸುತ್ತವೆ. ಗಾಬರಿ ಬೇಡ, ನಮ್ಮ ಮೈಯಲ್ಲೇ ಸೆಕೆಂಡಿಗೆ ನಾಲ್ಕು ಸಾವಿರ ಆಗುತ್ತಿರುತ್ತವೆ.

ಹಳೆಯ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್ ಎಂಸಿಎ ಮುಂದೆ ಹಿಡಿದರೆ ಥೋರಿಯಂ ಸರಣಿಯ ಶಿಖರಗಳು ಕಾಣುತ್ತವೆ. ಆ ಬಿಳಿ ಬೆಳಕಿನ ಮೂಲವೇ ಥೋರಿಯಂ ಆಕ್ಸೈಡ್. ಎಷ್ಟು ಯಕ್ಷಗಾನದ ರಾತ್ರಿಗಳು ಥೋರಿಯಂ ಬೆಳಕಿನಲ್ಲಿ ಕಳೆದವೋ!

ಕೆಲವು ಹರಳುಗಳು ತಾವೇ ವಿಕಿರಣ ಸೂಸುತ್ತವೆ. ಲ್ಯಾಂಥನಮ್ ಬ್ರೋಮೈಡ್ 662ರ ಶಿಖರದ ಅಗಲವನ್ನು ಸುಮಾರು ಶೇಕಡಾ 3ಕ್ಕೆ ಇಳಿಸಿ ಚೂಪಾಗಿ ತೋರಿಸುತ್ತದೆ, ಬೆಲೆಯೂ ಚೂಪು. ಆದರೆ ಅದರೊಳಗಿನ ಲ್ಯಾಂಥನಮ್-138 ತನ್ನದೇ 1436 ಕೆಇವಿ ಕಿರಣ ಸೇರಿಸಿಬಿಡುತ್ತದೆ, ಪೊಟ್ಯಾಸಿಯಂ ಶಿಖರದ ಮಗ್ಗುಲಿಗೇ. ಪಿಇಟಿ ಯಂತ್ರದ ಲ್ಯುಟೀಷಿಯಂ ಹರಳುಗಳೂ ಹಾಗೆಯೇ.

1173 ಮತ್ತು 1332. ಕೋಬಾಲ್ಟ್-60ರ ಸಹಿ ಈ ಜೋಡಿ ಶಿಖರ. ಎರಡೂ ಕಿರಣ ಒಂದೇ ಕ್ಷಣದಲ್ಲಿ ಹರಳಿಗೆ ಬಿದ್ದರೆ ಎಂಸಿಎ ಎರಡನ್ನೂ ಕೂಡಿಸಿ 2505ರಲ್ಲಿ ಮೂರನೆಯ ಶಿಖರ ತೋರಿಸುತ್ತದೆ. ಅಂಥ ಕಿರಣವೇ ಕೋಬಾಲ್ಟ್‌ನಿಂದ ಹೊರಟಿರುವುದಿಲ್ಲ.

ಬ್ರೆಜಿಲ್‌ನ ಗೋಯಾನಿಯಾ, ಸೆಪ್ಟೆಂಬರ್ 1987. ಪಾಳುಬಿದ್ದ ಚಿಕಿತ್ಸಾಲಯದಿಂದ ಸೀಸಿಯಂ ತುಂಬಿದ ಯಂತ್ರಭಾಗ ಗುಜರಿಗೆ ಹೋಗಿತ್ತು. ಒಡೆದಾಗ ಸಿಕ್ಕ ನೀಲಿ ಹೊಳಪಿನ ಪುಡಿಯನ್ನು ಜನ ಕೈಯಿಂದ ಕೈಗೆ ಹಂಚಿಕೊಂಡಿದ್ದರು. ಒಬ್ಬೊಬ್ಬರೇ ಕಾಯಿಲೆ ಬಿದ್ದಾಗ ಉಳಿದ ಚೂರು ಚೀಲದಲ್ಲಿ ಆರೋಗ್ಯ ಕಚೇರಿಗೆ ಬಂತು. ಪರೀಕ್ಷಿಸಲು ಕರೆಸಿದ ಭೌತವಿಜ್ಞಾನಿ, ಭೂಗರ್ಭ ಸಮೀಕ್ಷೆಗೆ ಬಳಸುವ ಸಿಂಟಿಲೇಷನ್ ಮಾಪಕವನ್ನು ಎರವಲು ತಂದರು. ಕಚೇರಿ ಇನ್ನೂ ದೂರವಿರುವಾಗಲೇ ಸ್ವಿಚ್ ಹಾಕಿದರೆ ಮುಳ್ಳು ಕೊನೆಗೆ ಹೋಗಿ ನಿಂತಿತು. ಯಾವ ಕಡೆ ತಿರುಗಿಸಿದರೂ ಅಲ್ಲೇ. ಮಾಪಕ ಕೆಟ್ಟಿದೆ ಎಂದುಕೊಂಡು ವಾಪಸ್ ಹೋಗಿ ಇನ್ನೊಂದು ತಂದರು. ಅದರ ಮುಳ್ಳೂ ಕೊನೆಗೇ! ನಾಲ್ವರು ಸತ್ತ ಆ ದುರಂತದಲ್ಲಿ ಲಕ್ಷಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಬೇಕಾಯಿತು.

ವಿಮಾನಕ್ಕೆ ದೊಡ್ಡ ಹರಳುಗಳನ್ನು ಕಟ್ಟಿ ಹಾರಿಸುವ ಭೂಸಮೀಕ್ಷೆಯವರು ಮುಖ್ಯವಾಗಿ ಮೂರು ಕಿಟಕಿ ನೋಡುತ್ತಾರೆ: 1461ಕ್ಕೆ ಪೊಟ್ಯಾಸಿಯಂ, 1765ಕ್ಕೆ ಯುರೇನಿಯಂ, 2615ಕ್ಕೆ ಥೋರಿಯಂ. ವಿಚಿತ್ರವೆಂದರೆ ಯುರೇನಿಯಂ ಹುಡುಕುವವರು ನೋಡುವುದು ಯುರೇನಿಯಂ ಕಿರಣವನ್ನಲ್ಲ, ಅದರ ಮರಿಮಕ್ಕಳ ಸಾಲಿನ ಬಿಸ್ಮತ್-214ರ ಕಿರಣವನ್ನು. ಯಾದಗಿರಿ ಜಿಲ್ಲೆಯ ಗೋಗಿಯಂಥ ಯುರೇನಿಯಂ ನಿಕ್ಷೇಪಕ್ಕೂ ಇದೇ ಗಣಿತ.

ಕೋಲಾರದ ಚಿನ್ನದ ಗಣಿಗೂ ಮಿಣುಕು ಸಂವೇದಕಕ್ಕೂ ನಂಟಿದೆ. 1965ರಲ್ಲಿ ನೆಲದಿಂದ 2 ಕಿಲೋಮೀಟರ್‌ಗೂ ಆಳದಲ್ಲಿ ಪ್ಲಾಸ್ಟಿಕ್ ಸಿಂಟಿಲೇಟರ್ ಗೋಡೆಗಳನ್ನು ನಿಲ್ಲಿಸಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ಹಿಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ಜತೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹ್ಯಾಮ್‌ನವರೂ ಕೈಜೋಡಿಸಿದ್ದರು. ತಂಡದಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇದ್ದರು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡಕ್ಕೂ ಅದೇ ವರ್ಷ ನ್ಯೂಟ್ರಿನೊ ಸಿಕ್ಕಿತು. ಪ್ರಕಟಣೆಯಲ್ಲಿ ಕೋಲಾರವೇ ಮುಂದೆ, ಅಂತರ ಎರಡೇ ವಾರ.

ಅಪೊಲೊ-15 ನೌಕೆ 1971ರಲ್ಲಿ ಸೋಡಿಯಂ ಅಯೋಡೈಡ್ ಹರಳನ್ನು 7 ಮೀಟರ್‌ಗೂ ಉದ್ದದ ಕೋಲಿನ ತುದಿಗೆ ಕಟ್ಟಿ ಚಂದ್ರನ ಸುತ್ತ ತಿರುಗಿಸಿತು. ಕೋಲು ಯಾಕೆ? ನೌಕೆಯದೇ ವಿಕಿರಣ ಲೆಕ್ಕಕ್ಕೆ ಸೇರಬಾರದಲ್ಲ.

ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದವರು 1994ರ ಸ್ರೋಸ್-ಸಿ2 ಉಪಗ್ರಹದಲ್ಲಿ ಗಾಮಾ ಸ್ಫೋಟಗಳನ್ನು ಹಿಡಿಯುವ ಮಿಣುಕು ಸಂವೇದಕ ಕಳಿಸಿದ್ದರು. ಅಂಥ ಸ್ಫೋಟಗಳನ್ನು ಮೊದಲು ಕಂಡವು ಅಮೆರಿಕದ ವೇಲಾ ಬೇಹುಗಾರ ಉಪಗ್ರಹಗಳು, 1967ರಲ್ಲಿ. ಅವು ಹುಡುಕುತ್ತಿದ್ದುದು ಕಳ್ಳತನದ ಅಣುಬಾಂಬ್ ಪರೀಕ್ಷೆ. ಸಿಕ್ಕಿದ್ದು ಬ್ರಹ್ಮಾಂಡದ ಸಿಡಿತ. ಸುದ್ದಿ ಹೊರಬಿದ್ದದ್ದು 1973ರಲ್ಲಿ. 2017ರ ಆಗಸ್ಟ್ 17ರಂದು ನ್ಯೂಟ್ರಾನ್ ತಾರೆಗಳ ಡಿಕ್ಕಿಯ ಗುರುತ್ವ ಅಲೆ ಬಂದ 1.7 ಸೆಕೆಂಡಿಗೆ ಫರ್ಮಿ ಉಪಗ್ರಹದ ಸೋಡಿಯಂ ಅಯೋಡೈಡ್ ಹರಳುಗಳು ಮಿಣುಕಿದವು.

ಥೈರಾಯ್ಡ್‌ಗೆ ಅಯೋಡಿನ್-131 ಚಿಕಿತ್ಸೆ ಪಡೆದವರು ವಿಮಾನ ನಿಲ್ದಾಣದ ವಿಕಿರಣ ಅಲಾರಂ ಬಡಿಸಬಹುದು. ಕೈಯಲ್ಲಿ ಹಿಡಿಯುವ ಎಂಸಿಎ 364ರ ಶಿಖರ ತೋರಿಸಿದರೆ ಸಿಬ್ಬಂದಿಗೆ ನಿರಾಳ: ಇದು ಔಷಧ, ಬಾಂಬಲ್ಲ.

ಹವ್ಯಾಸಿಗಳು ಕಂಪ್ಯೂಟರ್‌ನ ಸೌಂಡ್ ಕಾರ್ಡನ್ನೇ ಎಂಸಿಎ ಮಾಡಿಕೊಂಡಿದ್ದಾರೆ. ಸಾಮಾನ್ಯ ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸಲ ಮಾತ್ರ ಅಳೆಯುತ್ತದೆ, ಹರಳಿನ ಪಲ್ಸ್ ಅದಕ್ಕೆ ಸಿಗುವಷ್ಟು ಹೊತ್ತು ಇರುವುದೇ ಇಲ್ಲ. ಹಾಗಾಗಿ ಪಲ್ಸನ್ನು ನೂರಾರು ಪಟ್ಟು ಹಿಂಜಿ ಉದ್ದ ಮಾಡುವ ಸಣ್ಣ ಸರ್ಕ್ಯೂಟ್ ಬೇಕು. ಎಣಿಕೆ ಕಡಿಮೆ ಇರುವಲ್ಲಿ ಈ ಜುಗಾಡ್ ಚೆನ್ನಾಗಿಯೇ ನಡೆಯುತ್ತದೆ, ಹೆಚ್ಚಿದರೆ ಪಲ್ಸ್ ಮೇಲೆ ಪಲ್ಸ್ ಬಿದ್ದು ಶಿಖರವೆಲ್ಲ ಕಲಸುಮೇಲೋಗರ. ಕೈಹಾಕುವವರಿಗೆ ಒಂದು ಮಾತು: ವೋಲ್ಟೇಜ್ ಇರುವಾಗ ಫೋಟೊಮಲ್ಟಿಪ್ಲೈಯರ್‌ನ ಕಪ್ಪು ಹೊದಿಕೆ ಬಿಚ್ಚಬೇಡಿ. ಕೋಣೆಯ ಟ್ಯೂಬ್‌ಲೈಟ್ ಬೆಳಕೇ ಆ ಕೊಳವೆಯನ್ನು ಹಾಳು ಮಾಡಲು ಸಾಕು.