ನಿಂತಲ್ಲಿಯ ನಡಿಗೆ ಮತ್ತು ಅದರ ಅಳತೆ

ಬೆಂಗಳೂರಿನ ಪಡುವಣ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮುಂತಾದ ಬಡಾವಣೆಗಳ ವ್ಯಾಯಾಮಶಾಲೆಗಳಲ್ಲಿಯೂ ಕೆಲವು ಮನೆಗಳಲ್ಲಿಯೂ ಟ್ರೆಡ್‌ಮಿಲ್ ಎಂಬ ನಡಿಗೆಯ ಯಂತ್ರವು ಈಗ ಬಳಕೆಯಲ್ಲಿದೆ. ಅದರ ಮೇಲೆ ನಡೆಯುವವರಲ್ಲಿ ಅನೇಕರು ಹೆಜ್ಜೆಗಳನ್ನೆಣಿಸುವ ಗಡಿಯಾರವೊಂದನ್ನು ಮಣಿಕಟ್ಟಿಗೆ ಕಟ್ಟಿಕೊಂಡಿರುತ್ತಾರೆ. ನಡೆದು ಇಳಿದ ಮೇಲೆ ನೋಡಿದರೆ ಯಂತ್ರವು ತೋರಿಸುವ ದೂರವೊಂದು, ಗಡಿಯಾರವು ತೋರಿಸುವ ದೂರ ಮತ್ತೊಂದು ಆಗಿರುವುದುಂಟು. ಇವೆರಡರಲ್ಲಿ ಗ್ರಾಹ್ಯವಾದುದು ಯಾವುದು? ವೈದ್ಯರ ಸಲಹೆಯಂತೆ ನಡಿಗೆಯನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿಕೊಳ್ಳುತ್ತಿರುವ ಹೃದ್ರೋಗಿಗೆ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಲೆಕ್ಕವು ಕಡಿಮೆಯಾಗಿ ತೋರಿದರೆ ಆತನು ಮಿತಿಮೀರಿ ನಡೆಯಬಹುದು. ಹೆಚ್ಚಾಗಿ ತೋರಿದರೆ ನಡೆಯದ ನಡಿಗೆಯಿಂದ ತೃಪ್ತನಾಗಬಹುದು.

ಹಳಗನ್ನಡದ ‘ಪಜ್ಜೆ’ಯೇ ಇಂದಿನ ‘ಹೆಜ್ಜೆ’. ಕಾಲಿಡುವ ಕ್ರಿಯೆಗೂ ಆ ಕಾಲು ನೆಲದಲ್ಲಿ ಉಳಿಸುವ ಗುರುತಿಗೂ ನಮ್ಮಲ್ಲಿ ಈ ಒಂದೇ ಮಾತು ಸಲ್ಲುತ್ತದೆ. ನೆಲದ ಮೇಲಿನ ನಡಿಗೆಯಲ್ಲಿ ಇವೆರಡೂ ಬೇರ್ಪಡುವುದಿಲ್ಲ. ಟ್ರೆಡ್‌ಮಿಲ್ಲಿನಲ್ಲಾದರೋ ಕ್ರಿಯೆ ಮಾತ್ರ ಉಂಟು; ಕಾಲೂರಿದ ಎಡೆಯೇ ಹಿಂದಕ್ಕೆ ಸರಿದುಹೋಗುತ್ತದೆ. ಆದಕಾರಣ, ಬಯಲಿನಲ್ಲಿ ಉಪಗ್ರಹಗಳ ನೆರವಿನಿಂದ ದೂರವನ್ನು ತಿಳಿಯುವ ಕೈಗಡಿಯಾರವು ಇಲ್ಲಿ ಆ ನೆರವನ್ನು ಕಳೆದುಕೊಳ್ಳುತ್ತದೆ. ನಡೆಯುವವನು ಇದ್ದಲ್ಲಿಯೇ ಇದ್ದಾನಷ್ಟೆ!

ದಾರಿಯನ್ನಳೆಯುವುದಕ್ಕೆ ಹಿಂದಿನ ಮೋಜಣಿಗಾರರಲ್ಲಿ ಎರಡು ಕ್ರಮಗಳಿದ್ದುವು. ಗಾಲಿಯನ್ನು ಉರುಳಿಸಿ ಅದರ ಸುತ್ತುಗಳನ್ನು ಎಣಿಸುವುದು ಒಂದು. ಹೆಜ್ಜೆಗಳನ್ನು ಎಣಿಸುವುದು ಇನ್ನೊಂದು. ಹತ್ತೊಂಬತ್ತನೆಯ ಶತಮಾನದ ಏಳನೆಯ ಮತ್ತು ಎಂಟನೆಯ ದಶಕಗಳಲ್ಲಿ ಟಿಬೆಟ್ಟಿನ ದಾರಿಗಳನ್ನು ಗುಟ್ಟಾಗಿ ಅಳೆದ ಪಂಡಿತ ನೈನ್‌ಸಿಂಗನು ಈ ಎರಡನೆಯ ಕ್ರಮವನ್ನು ಅನುಸರಿಸಿದನು. ಒಂದೇ ಸಮನಾದ ಹೆಜ್ಜೆಯಿಡಲು ಅವನಿಗೆ ಶಿಕ್ಷಣವಾಗಿತ್ತು. ಅವನ ಜಪಮಾಲೆಯಲ್ಲಿ ೧೦೮ ಮಣಿಗಳ ಬದಲು ೧೦೦ ಮಣಿಗಳಿದ್ದುವು. ನೂರು ಹೆಜ್ಜೆಗೊಂದು ಮಣಿ ಸರಿಯುತ್ತಿತ್ತು. ಟ್ರೆಡ್‌ಮಿಲ್ಲು ಪಟ್ಟಿಯ ಓಟದಿಂದ ದೂರವನ್ನು ಕಟ್ಟುವುದರಿಂದ ಗಾಲಿಯ ಜಾತಿಗೆ ಸೇರಿದುದು; ಮಣಿಕಟ್ಟಿನ ಗಡಿಯಾರವು ಜಪಮಾಲೆಯ ಜಾತಿಗೆ ಸೇರಿದುದು. ಎರಡೂ ಎಣಿಸುವುದು ಬೇರೆ ಬೇರೆ ವಸ್ತುಗಳನ್ನು ಎಂಬುದನ್ನು ಮರೆಯಬಾರದು.

ಗಡಿಯಾರದೊಳಗೆ ವೇಗದ ಏರಿಳಿತವನ್ನು ಮೂರು ದಿಕ್ಕುಗಳಲ್ಲಿಯೂ ಗುರುತಿಸುವ ಸಣ್ಣದೊಂದು ಸಾಧನವಿದೆ. ನಡೆಯುವಾಗ ಕೈ ಬೀಸುವುದರಿಂದಲೂ ಮೈ ಕುಲುಕುವುದರಿಂದಲೂ ಉಂಟಾಗುವ ಅಲೆಗಳನ್ನು ಅದು ಹೆಜ್ಜೆಗಳೆಂದು ಎಣಿಸುತ್ತದೆ. ಎಂದರೆ ಅದು ಕಾಲನ್ನು ಕಾಣುವುದಿಲ್ಲ. ಕೈಯಿಂದ ಕಾಲನ್ನು ಊಹಿಸುತ್ತದೆ. ಬಳಿಕ ಆ ಎಣಿಕೆಯನ್ನು ಒಂದು ಹೆಜ್ಜೆಯ ಉದ್ದದಿಂದ ಗುಣಿಸಿ ದೂರವನ್ನು ಹೇಳುತ್ತದೆ. ಈ ಉದ್ದವೂ ಅನೇಕವೇಳೆ ಆಳಿನ ಎತ್ತರದಿಂದ ಊಹಿಸಿದ್ದು. ಹೀಗೆ ಒಂದು ಊಹೆಯ ಮೇಲೆ ಮತ್ತೊಂದು ಊಹೆ ನಿಂತಿದೆ.

ಇದನ್ನು ಪರೀಕ್ಷಿಸುವ ಬಗೆ ಕಷ್ಟವಾದುದಲ್ಲ. ಯಂತ್ರವನ್ನು ನಿಲ್ಲಿಸಿ ಪಟ್ಟಿಯ ಪೂರ್ಣ ಸುತ್ತಳತೆಯನ್ನು ಅಳೆದು, ಅಂಚಿನಲ್ಲಿ ಸುಣ್ಣದ ಕಡ್ಡಿಯಿಂದ ಒಂದು ಗುರುತು ಮಾಡತಕ್ಕದ್ದು. ಆಮೇಲೆ ಒಬ್ಬರು ನಡೆಯುತ್ತಿರುವಾಗಲೇ ಇನ್ನಿಬ್ಬರು ಪಕ್ಕದಲ್ಲಿದ್ದು, ಒಬ್ಬರು ಸುತ್ತುಗಳನ್ನೂ ಮತ್ತೊಬ್ಬರು ಹೆಜ್ಜೆಗಳನ್ನೂ ಎಣಿಸಬೇಕು. ಆಳಿನ ಭಾರದಿಂದ ಪಟ್ಟಿಯ ವೇಗ ತಗ್ಗಬಹುದಾದ್ದರಿಂದ ಬರಿದಾಗಿ ಓಡಿಸಿ ಎಣಿಸಿದರೆ ಸಾಲದು. ಉದಾಹರಣೆಗೆ, ಪಟ್ಟಿಯ ಸುತ್ತಳತೆ ೩ ಮೀಟರೆಂದೂ ಸುತ್ತುಗಳು ೨೦೦ ಎಂದೂ ಹೆಜ್ಜೆಗಳು ೧,೦೦೦ ಎಂದೂ ಇಟ್ಟುಕೊಳ್ಳೋಣ. ದೂರವು ೬೦೦ ಮೀಟರು. ಹೆಜ್ಜೆಯ ಉದ್ದ ೬೦ ಸೆಂಟಿಮೀಟರು. ಗಡಿಯಾರವು ೯೦೦ ಹೆಜ್ಜೆಗಳನ್ನು ಮಾತ್ರ ಕಂಡು, ಒಂದೊಂದನ್ನೂ ೭೦ ಸೆಂಟಿಮೀಟರೆಂದು ಎಣಿಸಿದರೆ ೬೩೦ ಮೀಟರೆಂದು ಹೇಳುವುದು. ದೂರದಲ್ಲಿ ವ್ಯತ್ಯಾಸವು ನೂರಕ್ಕೆ ಐದು ಮಾತ್ರ. ಆದರೆ ಹೆಜ್ಜೆಯ ಲೆಕ್ಕದಲ್ಲಿ ನೂರಕ್ಕೆ ಹತ್ತು ತಪ್ಪಿದೆ, ಉದ್ದದಲ್ಲಿ ಅದಕ್ಕಿಂತಲೂ ಹೆಚ್ಚು ತಪ್ಪಿದೆ. ಎರಡು ತಪ್ಪುಗಳು ಒಂದನ್ನೊಂದು ಮರೆಮಾಡಿ ಸರಿಯಂತೆ ತೋರುತ್ತವೆ. ಆದುದರಿಂದ ದೂರಗಳೆರಡೂ ಸುಮಾರಾಗಿ ಹೊಂದಿದುವೆಂಬ ಮಾತ್ರಕ್ಕೆ ಗಡಿಯಾರವು ಸರಿಯೆಂದು ನಿರ್ಣಯಿಸಲಾಗದು. ಎಣಿಕೆಯನ್ನೂ ಉದ್ದವನ್ನೂ ಬೇರೆ ಬೇರೆಯಾಗಿ ಶೋಧಿಸಿ, ಗಡಿಯಾರವು ಅವಕಾಶ ಕೊಟ್ಟರೆ ನಿಜವಾದ ಉದ್ದವನ್ನು ಅದಕ್ಕೆ ತಿಳಿಸತಕ್ಕದ್ದು. ವೇಗವು ಬದಲಾದರೆ ಹೆಜ್ಜೆಯ ಉದ್ದವೂ ಬದಲಾಗುವುದರಿಂದ, ತಾವು ನಿತ್ಯವೂ ನಡೆಯುವ ವೇಗದಲ್ಲಿಯೇ ಈ ಪರೀಕ್ಷೆಯನ್ನು ಮಾಡುವುದು ಯುಕ್ತ.

ಅಳೆಯುವ ಸಾಧನವನ್ನೇ ಮೊದಲು ಅಳೆಯಬೇಕೆಂಬ ಈ ನಿಯಮವು ನಮ್ಮ ಊರಿಗೆ ಹೊಸದಲ್ಲ. ೧೮೦೦ರಲ್ಲಿ ವಿಲಿಯಂ ಲ್ಯಾಂಬ್ಟನ್ನನು ಬೆಂಗಳೂರಿನ ಬಳಿ ಆಧಾರರೇಖೆಯನ್ನು ಉಕ್ಕಿನ ಸರಪಳಿಯಿಂದ ಅಳೆದಾಗ, ಬಿಸಿಲಿಗೆ ಸರಪಳಿಯು ಹಿಗ್ಗುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡನು.

ಇನ್ನು ಕೈಪಿಡಿಯ ವಿಷಯ. ಯಂತ್ರದ ಮುಂಗಡೆಯ ಸರಳನ್ನು ಹಿಡಿದು ನಡೆಯುವವರ ಮಣಿಕಟ್ಟು ಅಲುಗದೆ ಇರುವುದರಿಂದ ಗಡಿಯಾರವು ಹಲವು ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. ನಿಧಾನವಾಗಿ ನಡೆಯುವವರಲ್ಲಿಯೂ ಹಾಗೆಯೇ. ಇವರಲ್ಲಿ ಹೆಚ್ಚಿನವರು ವೃದ್ಧರು, ಬೇನೆಯಿಂದ ಚೇತರಿಸಿಕೊಳ್ಳುತ್ತಿರುವವರು. ಎಂದರೆ ಸರಿಯಾದ ಲೆಕ್ಕವು ಯಾರಿಗೆ ಅತ್ಯವಶ್ಯವೋ ಅವರಲ್ಲಿಯೇ ಅದು ತಪ್ಪುತ್ತದೆ. ಎಣಿಕೆಯ ಆಸೆಯಿಂದ ಅವರು ಸರಳನ್ನು ಬಿಡುವುದು ಎಷ್ಟುಮಾತ್ರಕ್ಕೂ ಸಲ್ಲದು. ಅಂಥವರು ಎಣಿಸುವ ಸಾಧನವನ್ನು ಸೊಂಟದಲ್ಲಿಯೋ ಕಾಲಿನ ಹರಡಿನಲ್ಲಿಯೋ ಧರಿಸುವುದು ಮೇಲು. ಆದರೆ ಅಲ್ಲಿ ಧರಿಸಲು ತಕ್ಕ ಸಾಧನವೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಪಟ್ಟಿಯ ಮುಂಭಾಗವನ್ನು ಎತ್ತರಿಸಿ ಏರುದಾರಿಯಂತೆ ಮಾಡಿದಾಗ ಹೆಚ್ಚುವ ಆಯಾಸವು ಹೆಜ್ಜೆಯ ಸಂಖ್ಯೆಯಲ್ಲಿ ಕಾಣಬರದು. ಆದುದರಿಂದ ವೈದ್ಯರಿಗೆ ಒಪ್ಪಿಸುವ ಲೆಕ್ಕದಲ್ಲಿ ಕಾಲ, ಪಟ್ಟಿಯ ವೇಗ, ಏರಿನ ಪ್ರಮಾಣ, ಸರಳನ್ನು ಹಿಡಿದಿದ್ದುದು ಅಥವಾ ಬಿಟ್ಟಿದ್ದುದು, ಇವಿಷ್ಟನ್ನೂ ಪ್ರತ್ಯೇಕವಾಗಿ ಬರೆಯಬೇಕು. ದೂರಕ್ಕೆ ಶೋಧಿಸಿದ ಪಟ್ಟಿಯೇ ಪ್ರಮಾಣ. ಹೆಜ್ಜೆಗೆ ಶೋಧಿಸಿದ ಗಡಿಯಾರ ಪ್ರಮಾಣ. ಒಂದರ ಮಾತನ್ನು ಇನ್ನೊಂದರ ಬಾಯಿಂದ ಹೇಳಿಸದಿದ್ದರೆ ಈ ಎರಡು ಸಾಧನಗಳೂ ನಡೆಯುವವರಿಗೆ ಉಪಕಾರಿಯಾಗುವುದರಲ್ಲಿ ಸಂದೇಹವಿಲ್ಲ.