ಹೊಲದಲ್ಲಿ ವಜ್ರ, ಲಾಭ ಯಾರಿಗೆ?

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ರೈತರು ಬಿತ್ತನೆಗೆ ಅಣಿಯಾಗುತ್ತಾರೆ. ಬಳ್ಳಾರಿಯ ಗಡಿಯಾಚೆ, ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ ಹಾಗೂ ಅನಂತಪುರ ಜಿಲ್ಲೆಯ ವಜ್ರಕರೂರಿನ ಹೊಲಗಳಲ್ಲಿ ಅದೇ ಹೊತ್ತಿಗೆ ಇನ್ನೊಂದು ಸುಗ್ಗಿ ಶುರುವಾಗುತ್ತದೆ. ಅದು ವಜ್ರದ ಹುಡುಕಾಟ. ಬುತ್ತಿ ಕಟ್ಟಿಕೊಂಡು ಸಂಸಾರ ಸಮೇತ ಬರುವವರಲ್ಲಿ ಬಳ್ಳಾರಿ ಕಡೆಯವರೂ ಇರುತ್ತಾರೆ. ಹೆಚ್ಚಿನವರ ಕೈಯಲ್ಲಿ ಗುದ್ದಲಿ ಕೂಡ ಇರುವುದಿಲ್ಲ. ಬೆನ್ನು ಬಗ್ಗಿಸಿ, ನೆಲದಲ್ಲಿ ಕಣ್ಣು ನೆಟ್ಟು ನಡೆಯುವುದೇ ಕೆಲಸ.

ಹೊಲಕ್ಕೆ ವಜ್ರ ಬಂದದ್ದು ಹೇಗೆ? ನೆಲದಿಂದ ಸುಮಾರು 150 ಕಿ.ಮೀ.ಗೂ ಹೆಚ್ಚು ಆಳದಲ್ಲಿ, ಭಾರಿ ಒತ್ತಡ ಮತ್ತು ಶಾಖಕ್ಕೆ ಸಿಕ್ಕ ಇಂಗಾಲವು ವಜ್ರವಾಗುತ್ತದೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಉಕ್ಕಿಬಂದ ಶಿಲಾರಸ ಅದನ್ನು ಮೇಲಕ್ಕೆ ತಂದಿತು. ಆ ರಸ ಗಟ್ಟಿಯಾಗಿ ಉಂಟಾದ ಕಿಂಬರ್ಲೈಟ್ ಶಿಲೆ ಕಾಲಕ್ರಮದಲ್ಲಿ ಸವೆದು ಮಣ್ಣಾಯಿತು. ಸವೆಯದೆ ಉಳಿದ ವಜ್ರಗಳು ಹಳ್ಳಗಳ ಜಲ್ಲಿಯೊಡನೆ ಸುತ್ತಲೂ ಹರಡಿದವು. ಮಳೆ ಮೇಲ್ಮಣ್ಣನ್ನು ತೊಳೆದಾಗ ಅವು ಅಪರೂಪಕ್ಕೆ ಕಣ್ಣಿಗೆ ಬೀಳುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಆರಿಸಿ ತಂದ ಕಲ್ಲುಗಳಲ್ಲಿ ಬಹುಪಾಲು ಬರೀ ಬೆಣಚುಕಲ್ಲು.

ಸಿಕ್ಕ ವಜ್ರ ಯಾರದು ಎಂಬ ಪ್ರಶ್ನೆ ಹಳೆಯದು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್, ಅಲ್ಲಿನ ವಜ್ರದ ಗಣಿಯ ಕರಾರನ್ನು ದಾಖಲಿಸಿದ್ದಾನೆ. ಗಣಿ ಹಿಡಿದ ನಾಯಕ ವರ್ಷಕ್ಕೆ 40,000 ವರಹ ಕೊಡಬೇಕು. 20 ಮಂಜಾಡಿಗಿಂತ ತೂಕದ ವಜ್ರಗಳೆಲ್ಲ ಅರಸನ ಬೊಕ್ಕಸಕ್ಕೆ ಸೇರಬೇಕು.

ಇಂದು ಗಣಿ ಗುತ್ತಿಗೆಯಿಲ್ಲದೆ ವಜ್ರ ತೆಗೆಯಲು ಕಾನೂನಿನ ಒಪ್ಪಿಗೆಯಿಲ್ಲ. ಆದ್ದರಿಂದ ಸಿಕ್ಕವರು ಬಾಯಿ ಬಿಡುವುದಿಲ್ಲ. ಗುಟ್ಟಾಗಿ ಮಾರಬೇಕಾದಾಗ ದಲ್ಲಾಳಿ ಹೇಳಿದ್ದೇ ಬೆಲೆ. ಇತ್ತ ಬಿತ್ತಿದ ಹೊಲವನ್ನು ಜನ ತುಳಿಯುತ್ತಾರೆಂದು ರೈತರಿಗೆ ಸಂಕಟ.

ಮಧ್ಯಪ್ರದೇಶದ ಪನ್ನಾದಲ್ಲಿ ಕ್ರಮ ಬೇರೆ. ಅಲ್ಲಿ ಸಣ್ಣ ಶುಲ್ಕ ಕಟ್ಟಿದ ಯಾರಿಗಾದರೂ ಸರ್ಕಾರವೇ 8 ಮೀಟರ್ ಉದ್ದ, 8 ಮೀಟರ್ ಅಗಲದ ಜಾಗವನ್ನು ಅಗೆಯಲು ಕೊಡುತ್ತದೆ. ಸಿಕ್ಕ ವಜ್ರವನ್ನು ಅಲ್ಲಿನ ವಜ್ರ ಕಚೇರಿಗೆ ಒಪ್ಪಿಸಬೇಕು. ಕಚೇರಿ ತೂಗಿ, ಹರಾಜು ಹಾಕಿ, ರಾಜಧನ ಮುರಿದುಕೊಂಡು ಉಳಿದ ಹಣವನ್ನು ಸಿಕ್ಕವರಿಗೇ ಕೊಡುತ್ತದೆ. 2024ರ ಜುಲೈನಲ್ಲಿ ಕೂಲಿಕಾರರೊಬ್ಬರಿಗೆ ಅಲ್ಲಿ 19.22 ಕ್ಯಾರೆಟ್ ವಜ್ರ ಸಿಕ್ಕಿತ್ತು. ಅದರ ತೂಕ ನಾಲ್ಕು ಗ್ರಾಂಗೂ ಕಡಿಮೆ. ಅಂದಾಜು ಬೆಲೆ ಸುಮಾರು 80 ಲಕ್ಷ ರೂಪಾಯಿ.

ಜೊನ್ನಗಿರಿಯ ಹೊಲದಲ್ಲಿ ಅಂಥದೇ ಕಲ್ಲು ಸಿಕ್ಕ ಬಡವನಿಗೆ ತೂಗಿ ತೋರಿಸುವ ಕಚೇರಿಯಿಲ್ಲ, ಹರಾಜಿಲ್ಲ. ತನ್ನ ಕೈಗೆ ಬಂದದ್ದರ ನಿಜವಾದ ಬೆಲೆ ಅವನಿಗೆ ತಿಳಿಯುವುದೇ ಇಲ್ಲ.